ಮಾಜಿ ಸೈನಿಕರ ಅಂಗವೈಕಲ್ಯ ಪಿಂಚಣಿ ಮತ್ತು ನಾವು



ಧರ್ಮವೀರ್ ಸಿಂಗ್ ಎಂಬ ಯೋಧರು 1985ರಲ್ಲಿ ಸೇನೆಗೆ ಸೇರಿದರು. ಮೂರ್ಛೆರೋಗ ಬಂದು 1994ರಲ್ಲಿ ಬಿಡುಗಡೆಯಾದರು. ಶೇ. 20ರಷ್ಟು ಅಂಗವೈಕಲ್ಯವಿದ್ದರೂ, ರೋಗಕ್ಕೂ ಸೇವೆಗೂ ಸಂಬಂಧವಿಲ್ಲವೆಂದು ಪಿಂಚಣಿ ನಿರಾಕರಿಸಲಾಯಿತು. ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ನೀಡಿದ್ದು 2013ರಲ್ಲಿ. ಹತ್ತೊಂಬತ್ತು ವರ್ಷ! ಸೇರುವಾಗ ದಾಖಲೆಯಲ್ಲಿ ಇಲ್ಲದಿದ್ದ ರೋಗ ಸೇವೆಯಿಂದಲೇ ಬಂತೆಂದು ಸಾಬೀತುಪಡಿಸುವ ಹೊಣೆ ಸೈನಿಕನದಲ್ಲ ಎಂದಿತು ನ್ಯಾಯಾಲಯ. 2023ರಲ್ಲಿ ಹೊಸ ನಿಯಮಗಳು ಬಂದಿವೆ. ಆದ್ದರಿಂದ ಬಿಡುಗಡೆಯ ದಿನಾಂಕವನ್ನು ಮೊದಲು ನೋಡಬೇಕು.

ಕೋರ್ಟಿನ ಮಾತು ಹಾಗಿರಲಿ. ಗಿಣಿಗೇರಾದಂಥ ಊರುಗಳಲ್ಲಿ ಹೆಸರಿನಿಂದಲೂ ತಡವಾಗಬಹುದು. ಉರ್ದುವಿನಲ್ಲಿ ಒಂದೇ ಬರಹ. ಶಾಲೆಯ ದಾಖಲೆಯಲ್ಲಿ ಮಹಮ್ಮದ್, ಆಧಾರ್‌ನಲ್ಲಿ ಮೊಹಮ್ಮದ್, ಬ್ಯಾಂಕಿನಲ್ಲಿ ಎಂ.ಡಿ. ಇದರಲ್ಲಿ ನಮ್ಮಂಥ ಮಾಸ್ತರರ ತಪ್ಪೂ ಇದೆಯೆನ್ನಿ. ಈಗ ರಕ್ಷಣಾ ಪಿಂಚಣಿಯ ಕೆಲಸ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತದೆ; ಅಲ್ಲಿ ಹೆಸರು ತಾಳೆಯಾಗದಿದ್ದರೆ ಕೆಲಸ ನಿಲ್ಲುತ್ತದೆ.

ವಿದ್ಯಾರ್ಥಿಗಳೇ, ನಿಮ್ಮ ಓಣಿಯಲ್ಲಿ ಮಾಜಿ ಸೈನಿಕರಿದ್ದರೆ ಅವರ ಡಿಸ್ಚಾರ್ಜ್ ಪುಸ್ತಕ, ವೈದ್ಯಕೀಯ ಮಂಡಳಿಯ ವರದಿ, ಆಧಾರ್, ಪಾಸ್‌ಬುಕ್‌ಗಳನ್ನು ಪಕ್ಕಪಕ್ಕ ಇಟ್ಟು ಹೆಸರು, ಜನ್ಮದಿನಾಂಕ ತಾಳೆ ನೋಡಿರಿ. ಹೆಂಡತಿಯ ಹೆಸರನ್ನೂ ನೋಡಿರಿ. ಮುಂದೆ ಕುಟುಂಬ ಪಿಂಚಣಿ ಬರುವುದು ಅವರಿಗೆ. ವ್ಯತ್ಯಾಸವಿದ್ದರೆ ಮೊದಲು ತಿದ್ದಿಸಿ, ಆಮೇಲೆ ಅರ್ಜಿ ಹಾಕಿಸಿರಿ. ಅರ್ಜಿಯ ನಕಲು ಮತ್ತು ಸ್ವೀಕೃತಿ ಚೀಟಿ ಅವರ ಮನೆಯಲ್ಲೇ ಇರಲಿ.