ಬೀಜಿಂಗ್‌ಗೆ ಹೊರಡುವ ಮುನ್ನ ದಿನ ಎಣಿಸಿ

ಸಿಡ್ನಿ, ಮೆಲ್ಬರ್ನ್‌ಗಳ ನಮ್ಮ ಮಕ್ಕಳು ಶಾಲೆಯಲ್ಲಿ ಮ್ಯಾಂಡರಿನ್ ಕಲಿತು, ಕಾಲೇಜಿಗೆ ಬಂದಮೇಲೆ ಒಂದು ವರ್ಷ ಚೀನಾದಲ್ಲೇ ಓದುತ್ತೇವೆ ಅನ್ನುತ್ತಾರೆ. ಸಂತೋಷ. ಆದರೆ ಇನ್ನೂ ಪಿಆರ್‌ನಲ್ಲೇ ಇದ್ದರೆ ಮೊದಲು ಕ್ಯಾಲೆಂಡರ್ ತೆಗೆಯಿರಿ. ಪೌರತ್ವದ ಅರ್ಜಿಗೆ ಮುಂಚಿನ 4 ವರ್ಷಗಳಲ್ಲಿ ಹೊರದೇಶದಲ್ಲಿದ್ದದ್ದು ಒಟ್ಟು 12 ತಿಂಗಳು ಮೀರಬಾರದು. ಕೊನೆಯ 12 ತಿಂಗಳಲ್ಲಿ 90 ದಿನ ಮೀರಬಾರದು. ಊರಿನ ಮದುವೆ, ಗೃಹಪ್ರವೇಶಕ್ಕೆ ಹೋಗಿಬಂದದ್ದೂ ಈ ಲೆಕ್ಕಕ್ಕೇ! ನ್ಯೂ ಕೊಲಂಬೊ ಪ್ಲಾನ್ ನೆರವೂ ಪೌರರಿಗೇ. ನಮ್ಮ ಮಗಳು ಇದಕ್ಕಾಗಿಯೇ ಎರಡು ಸೆಮಿಸ್ಟರ್ ಕಾದಳು. ಸಿಟ್ಟು ಮಾಡಿಕೊಂಡಿದ್ದಳು, ನಿಜ.

ಹೊಸ ಪಾಸ್‌ಪೋರ್ಟ್ ಕೈಗೆ ಬಂದಮೇಲೇ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿ. ಪ್ರವೇಶಪತ್ರ, ಜೆಡಬ್ಲ್ಯೂ202 ನಮೂನೆ ಬಂದಮೇಲೆ ವೀಸಾ. 180 ದಿನ ಮೀರಿದರೆ ಎಕ್ಸ್1, ಇಲ್ಲವಾದರೆ ಎಕ್ಸ್2. ಎಕ್ಸ್1 ಆದರೆ ಅಲ್ಲಿ ಇಳಿದ 30 ದಿನದೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಲೇಬೇಕು.