ವಾಕ್ಯಗಳು ಸ್ಥಿರಗೊಳ್ಳುವ ಅವಧಿ

1997ರಲ್ಲಿ ಆರಂಭಗೊಂಡ ಗ್ನೋಮ್ ಎಂಬ ಮುಕ್ತ ತಂತ್ರಾಂಶವನ್ನು ಮೈಸೂರಿನ ದೇವರಾಜ ಮೊಹಲ್ಲಾದ ಮನೆಯೊಂದರಲ್ಲಿ ಕುಳಿತು ಕನ್ನಡಕ್ಕೆ ತರುವವರೂ, ಸಮುದ್ರದಾಚೆ ಅದರ ಕೋಡ್ ಬರೆಯುವವರೂ ಪರಸ್ಪರ ಮುಖ ಕಂಡವರಲ್ಲದಿದ್ದರೂ, ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಹೊರಬರುವ ಆವೃತ್ತಿಯಲ್ಲಿ ಇಬ್ಬರ ದುಡಿಮೆಯೂ ಕೂಡಿ ನಿಲ್ಲಬೇಕಷ್ಟೆ. ಅದಕ್ಕಾಗಿ ಬಿಡುಗಡೆಗೆ ಮುನ್ನ, ತೆರೆಯ ಮೇಲೆ ಕಾಣುವ ವಾಕ್ಯಗಳನ್ನು ಸ್ಥಿರಗೊಳಿಸುವ ನಿಯಮವುಂಟು. ಇಂಗ್ಲಿಷ್ ಮೂಲದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಅದರ ಅನುವಾದವು ಸಂದಿಗ್ಧವೆಂಬ ಗುರುತನ್ನು ಪಡೆದು, ಯಾರೂ ಮರಳಿ ನೋಡದಿದ್ದರೆ, ಕನ್ನಡದ ಪಟ್ಟಿಯ ನಡುವೆ ಇಂಗ್ಲಿಷ್ ಸಾಲೊಂದು ತಲೆಯೆತ್ತುವುದು. ಸಂಬಳವಿಲ್ಲದೆ ದುಡಿಯುವ ಸಣ್ಣ ಭಾಷಾತಂಡಗಳಿಗೆ ಬಿಡುವನ್ನು ಕಾದಿರಿಸುವ ಈ ಕಟ್ಟಳೆ, ಯಾವ ತಾಂತ್ರಿಕ ಕೌಶಲಕ್ಕಿಂತಲೂ ಹೆಚ್ಚು ಆದರಣೀಯವೆಂದು ನನ್ನ ಭಾವನೆ. ಹೀಗೆ ಸ್ಥಿರಗೊಳಿಸಿದ ಅವಧಿಯಲ್ಲಿ ವಾಕ್ಯವನ್ನು ತಿದ್ದಬಯಸುವವರು, ಎಷ್ಟೇ ಅನುಭವಿಗಳಾಗಿರಲಿ, ಅನುವಾದ ಸಂಯೋಜಕರ ಅನುಮತಿಯನ್ನು ಪಡೆಯತಕ್ಕದ್ದು.