ಕಾರ್ಡು ಕೊಡೋದಿಲ್ಲ ಅಂದರೆ ಏನು ಮಾಡೋಣ?

(ಮಹಿಳಾ ಸಂಘದ ಸಭೆಯಲ್ಲಿ ಆಡಿದ ಮಾತು)



ನಾವೆಲ್ಲ ಈಗ ಓದಲು ಕಲಿತಿದ್ದೇವೆ. ಹೆಬ್ಬೆಟ್ಟು ಒತ್ತುತ್ತಿದ್ದ ಕೈ ಈಗ ಸಹಿ ಹಾಕುತ್ತದೆ. ಇದು ಸಂತೋಷದ ಮಾತು. ಆದರೆ ಯಾವ ಕಾಗದಕ್ಕೆ ಸಹಿ ಹಾಕುತ್ತಿದ್ದೇವೆ ಅಂತ ತಿಳಿಯಬೇಕು. ಆಗಲೇ ನಮ್ಮ ಓದು ಸಾರ್ಥಕ. ಈ ದಿನ ಅಂಥ ಒಂದು ಕಾಗದದ ವಿಷಯ ಮಾತಾಡೋಣ. ಅದು ಕ್ರೆಡಿಟ್ ಕಾರ್ಡಿನ ಅರ್ಜಿ.

ನಮ್ಮಲ್ಲಿ ಅನೇಕರ ಹತ್ತಿರ ಎ.ಟಿ.ಎಂ. ಕಾರ್ಡು ಇದೆ. ಅದರಿಂದ ತೆಗೆಯುವುದು ನಮ್ಮದೇ ಹಣ. ಕ್ರೆಡಿಟ್ ಕಾರ್ಡು ನೋಡಲು ಹಾಗೇ ಇರುತ್ತದೆ. ಆದರೆ ಅದರಿಂದ ಖರ್ಚು ಮಾಡುವುದು ಬ್ಯಾಂಕಿನ ಹಣ. ಅಂದರೆ ಅದು ಸಾಲ. ಹೇಳಿದ ದಿನಕ್ಕೆ ಪೂರ್ತಿ ಕಟ್ಟದಿದ್ದರೆ ಬಡ್ಡಿ ಬೀಳುತ್ತದೆ. ಆ ಬಡ್ಡಿ ಬಹಳ ಹೆಚ್ಚು.

ಒಬ್ಬ ಅಕ್ಕ ಇದ್ದಾಳೆ ಅಂದುಕೊಳ್ಳೋಣ. ಅವಳದು ಹೊಲಿಗೆ ಕೆಲಸ. ಹಬ್ಬದ ಮುಂದೆ ಬಟ್ಟೆ ತರಬೇಕು, ಕೈಯಲ್ಲಿ ದುಡ್ಡು ಸಾಲದು. ಯಾರೋ ಹೇಳಿದರು ಅಂತ ಕಾರ್ಡಿಗೆ ಅರ್ಜಿ ಹಾಕಿದಳು. ಸ್ವಲ್ಪ ದಿನದಲ್ಲೇ ಬ್ಯಾಂಕಿನಿಂದ ಉತ್ತರ ಬಂತು: ಕೊಡಲು ಆಗುವುದಿಲ್ಲ. ಅಕ್ಕನಿಗೆ ದಿಗಿಲಾಯಿತು. "ನನ್ನ ಹೆಸರು ಕೆಟ್ಟುಹೋಯ್ತಾ? ನಾಳೆ ಹೊಲಿಗೆ ಮಿಷನ್ ಸಾಲ ಕೇಳಿದರೆ ಅದೂ ಸಿಗೋದಿಲ್ವಾ?"

ಈ ಪ್ರಶ್ನೆಗೆ ಉತ್ತರ ಹುಡುಕೋಣ.

ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನಮಗೆಲ್ಲ ಗೊತ್ತು. ಯಾರು ಎಷ್ಟು ತಂದರು, ಯಾವಾಗ ಕೊಟ್ಟರು, ಯಾರದು ಬಾಕಿ, ಎಲ್ಲ ಅದರಲ್ಲಿ ಇರುತ್ತದೆ. ಬ್ಯಾಂಕು ಸಾಲಕ್ಕೂ ಅಂಥದೇ ಒಂದು ಪುಸ್ತಕ ಇದೆ. ಅದನ್ನು ಸಾಲದ ದಾಖಲೆ ಅನ್ನೋಣ. ಇದಕ್ಕೆ 2005ರಲ್ಲಿ ದೇಶದಲ್ಲಿ ಒಂದು ಕಾನೂನು ಆಯಿತು. ಈ ದಾಖಲೆ ಇಡುವ ಕಂಪನಿಗಳು ನಾಲ್ಕು ಇವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿ.ಆರ್.ಐ.ಎಫ್. ಹೈ ಮಾರ್ಕ್. "ಬ್ಯಾಂಕಿನವರು ಸಿಬಿಲ್ ನೋಡ್ತಾರೆ" ಅಂತ ಜನ ಹೇಳೋದು ಇದನ್ನೇ.

ಈ ದಾಖಲೆಯಲ್ಲಿ ಏನೇನು ಇರುತ್ತದೆ? ನಮ್ಮ ಹೆಸರಿನ ಸಾಲ ಇರುತ್ತದೆ. ಕಂತು ಸರಿಯಾಗಿ ಕಟ್ಟಿದ್ದು, ತಡ ಮಾಡಿದ್ದು ಎರಡೂ ಇರುತ್ತದೆ. ಕಿರುಸಾಲ ಕಂಪನಿಯ ವಾರದ ಕಂತು ಕೂಡ ಇರುತ್ತದೆ. ಬೇರೆಯವರ ಸಾಲಕ್ಕೆ ಜಾಮೀನು ನಿಂತಿದ್ದರೆ ಅದೂ ಬರಬಹುದು. ಇವೆಲ್ಲ ನೋಡಿ ಒಂದು ಅಂಕ ಕೊಡುತ್ತಾರೆ. ಅಂಕ 300ರಿಂದ 900ರವರೆಗೆ. ಅಂಕ ಹೆಚ್ಚಿದ್ದಷ್ಟೂ ಸಾಲ ಸಿಗುವುದು ಸುಲಭ.

ಈಗ ಅಕ್ಕನ ಮಾತಿಗೆ ಬರೋಣ. ಕಾರ್ಡಿನ ಅರ್ಜಿಗೆ ಸಹಿ ಹಾಕಿದಾಗ, ದಾಖಲೆ ನೋಡಲು ಬ್ಯಾಂಕಿಗೆ ನಾವೇ ಒಪ್ಪಿಗೆ ಕೊಟ್ಟಂತೆ. ಬ್ಯಾಂಕು ದಾಖಲೆ ತರಿಸಿ ನೋಡುತ್ತದೆ. ಆಗ ದಾಖಲೆಯಲ್ಲಿ ಒಂದು ಸಾಲು ಬೀಳುತ್ತದೆ: ಇಂಥ ತಾರೀಖು, ಇಂಥ ಬ್ಯಾಂಕು ವಿಚಾರಿಸಿತು. ಅಷ್ಟೇ. "ಕಾರ್ಡು ಕೊಡಲಿಲ್ಲ" ಅಂತ ಅಲ್ಲಿ ಬರೆಯುವುದಿಲ್ಲ. ಕೊಟ್ಟರೂ ಆ ಸಾಲು ಇರುತ್ತದೆ, ಕೊಡದಿದ್ದರೂ ಇರುತ್ತದೆ. ಒಂದು ವಿಚಾರಣೆಯಿಂದ ಅಂಕ ಸ್ವಲ್ಪ ಕಡಿಮೆ ಆಗಬಹುದು. ಇರುವ ಕಂತು ಸರಿಯಾಗಿ ಕಟ್ಟುತ್ತಾ ಹೋದರೆ ಅದು ಮತ್ತೆ ಮೇಲೆ ಬರುತ್ತದೆ.

ಹಾಗಾದರೆ ಹೆದರಿಕೆ ಎಲ್ಲಿದೆ? ನಾವು ಆಮೇಲೆ ಮಾಡುವ ಕೆಲಸದಲ್ಲಿದೆ. ಒಂದು ಕಡೆ ಇಲ್ಲ ಅಂದರು ಅಂತ ಅಕ್ಕ ಅದೇ ವಾರ ಇನ್ನೂ ನಾಲ್ಕು ಕಡೆ ಅರ್ಜಿ ಹಾಕಿದಳು ಅನ್ನಿ. ದಾಖಲೆಯಲ್ಲಿ ಐದು ವಿಚಾರಣೆ ಸಾಲಾಗಿ ನಿಂತವು. ಐದನೆಯ ಬ್ಯಾಂಕಿನವರು ಏನಂದುಕೊಳ್ಳುತ್ತಾರೆ? "ಇವರಿಗೆ ದುಡ್ಡಿನ ತಾಪತ್ರಯ ಬಹಳ ಇದೆ. ಕೊಟ್ಟರೆ ವಾಪಸ್ ಬರುತ್ತೋ ಇಲ್ಲವೋ" ಅಂತ. ಅಂಕವೂ ಇಳಿಯುತ್ತದೆ. ಮನೆ ಮನೆಗೆ ಹೋಗಿ ಕೈಸಾಲ ಕೇಳಿದರೆ ಊರಿನವರು ಏನಂತಾರೋ, ಇದೂ ಹಾಗೇ.

ಮೊಬೈಲಿನಲ್ಲಿ ಸಾಲ ಕೊಡುತ್ತೇವೆ ಅನ್ನುವವರಲ್ಲೂ ಅರ್ಜಿ ಅರ್ಜಿಯೇ. ಒಂದು ಗುಂಡಿ ಒತ್ತಿದರೂ ಒಪ್ಪಿಗೆ ಕೊಟ್ಟಂತೆ. ಅದೂ ನಮ್ಮ ಸಹಿಯ ಹಾಗೇ.

ಹಾಗಾದರೆ ಇಲ್ಲ ಅಂದಾಗ ಏನು ಮಾಡಬೇಕು? ಮೂರು ಕೆಲಸ ಮಾಡೋಣ.

ಮೊದಲನೆಯದು, ಕಾರಣ ಕೇಳೋಣ. ಕಾರ್ಡಿನ ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಬೇಕು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿದೆ. ಕೇಳಲು ನಾಚಿಕೆ ಬೇಡ. ಆಧಾರ್‌ನಲ್ಲಿ ಒಂದು ವಿಳಾಸ, ಅರ್ಜಿಯಲ್ಲಿ ಇನ್ನೊಂದು ಇರಬಹುದು. ಆದಾಯದ ಕಾಗದ ಇಲ್ಲದಿರಬಹುದು. ಆದಾಯ ಕಡಿಮೆ ಇರಬಹುದು. ಹಳೆಯ ಕಂತು ಬಾಕಿ ಇರಬಹುದು. ಕಾರಣ ಗೊತ್ತಾದರೆ ತಾನೇ ಸರಿಮಾಡಲು ಬರುವುದು? ಕೆಲವರು ಈವರೆಗೆ ಸಾಲವನ್ನೇ ಮಾಡಿರುವುದಿಲ್ಲ. ಅವರಿಗೆ ದಾಖಲೆಯೇ ಇಲ್ಲ. ಮೊದಲ ಸಲ ಸಾಲ ಕೇಳುವವರನ್ನು ಆ ಒಂದೇ ಕಾರಣಕ್ಕೆ ತಿರಸ್ಕರಿಸಬಾರದು ಎಂದು ರಿಸರ್ವ್ ಬ್ಯಾಂಕ್ ತಿಳಿಸಿದೆ. 2025ರಲ್ಲಿ ಕೇಂದ್ರ ಸರ್ಕಾರ ಲೋಕಸಭೆಯಲ್ಲಿ ಈ ಮಾತು ಹೇಳಿದೆ.

ಎರಡನೆಯದು, ನಮ್ಮ ದಾಖಲೆಯನ್ನು ನಾವೇ ನೋಡೋಣ. ಆ ನಾಲ್ಕೂ ಕಂಪನಿಗಳು ವರ್ಷಕ್ಕೆ ಒಂದು ಸಲ ಪೂರ್ತಿ ದಾಖಲೆಯನ್ನು ಬಿಟ್ಟಿಯಾಗಿ ಕೊಡಬೇಕು. 2017ರಿಂದ ಈ ಅನುಕೂಲ ಇದೆ. ನಮ್ಮದನ್ನು ನಾವು ನೋಡಿದರೆ ಅಂಕ ಇಳಿಯುವುದಿಲ್ಲ. ಹೆಸರು, ವಿಳಾಸ, ಸಾಲದ ಮೊತ್ತ, ಕಟ್ಟಿದ ಕಂತು, ಎಲ್ಲವನ್ನೂ ಬೆರಳಿಟ್ಟು ಓದೋಣ. ತಿಳಿಯದಿದ್ದರೆ ಓದಿದ ಮಗಳನ್ನು, ಸಂಘದ ಲೆಕ್ಕ ಬರೆಯುವವರನ್ನು ಕೂರಿಸಿಕೊಂಡು ಓದೋಣ. ನಾವು ತೆಗೆಯದ ಸಾಲ ನಮ್ಮ ಹೆಸರಿನಲ್ಲಿ ಇದೆಯಾ? ತೀರಿಸಿದ ಸಾಲ ಇನ್ನೂ ಬಾಕಿ ಅಂತ ಇದೆಯಾ? ಆಧಾರ್ ಪ್ರತಿ ಯಾರ ಯಾರಿಗೋ ಕೊಟ್ಟಿರುತ್ತೇವೆ. ಅದಕ್ಕೇ ಇದನ್ನು ನೋಡಲೇಬೇಕು.

ಮೂರನೆಯದು, ತಪ್ಪಿದ್ದರೆ ದೂರು ಕೊಡೋಣ. ಸಾಲ ಕೊಟ್ಟ ಬ್ಯಾಂಕಿಗೂ ಕೊಡಬಹುದು, ದಾಖಲೆ ಇಡುವ ಕಂಪನಿಗೂ ಕೊಡಬಹುದು. ಇದಕ್ಕೆ ಹಣ ಕೊಡಬೇಕಾಗಿಲ್ಲ. 30 ದಿನದೊಳಗೆ ದೂರು ಇತ್ಯರ್ಥ ಆಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ನಮಗೆ ಪರಿಹಾರ ಕೊಡಬೇಕು. 2024ರ ಏಪ್ರಿಲ್‌ನಿಂದ ಈ ನಿಯಮ ಜಾರಿಗೆ ಬಂದಿದೆ. ಆದ್ದರಿಂದ ದೂರು ಕೊಟ್ಟ ತಾರೀಖನ್ನು ಬರೆದಿಟ್ಟುಕೊಳ್ಳೋಣ. ಅಲ್ಲೂ ನ್ಯಾಯ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ಅವರು ಇಂಥ ದೂರು ಕೇಳುವ ಅಧಿಕಾರಿ. ದೂರು ಕೊಡುವ ದಾರಿಯನ್ನು 14448ಕ್ಕೆ ಫೋನ್ ಮಾಡಿ ಕೇಳಬಹುದು.

ಇನ್ನೊಂದು ಎಚ್ಚರಿಕೆ. "ಇಷ್ಟು ದುಡ್ಡು ಕೊಡಿ, ನಿಮ್ಮ ಸಿಬಿಲ್ ಅಳಿಸಿ ಹೊಸದು ಮಾಡಿಕೊಡ್ತೀವಿ" ಅಂತ ಕೆಲವರು ಬರುತ್ತಾರೆ. ಅವರನ್ನು ನಂಬಬೇಡಿ. ನಿಜವಾದ ಬಾಕಿಯನ್ನು ಯಾರೂ ಅಳಿಸಲು ಆಗುವುದಿಲ್ಲ. ತಪ್ಪು ಬರೆದಿದ್ದರೆ ತಿದ್ದಿಸಲು ದುಡ್ಡು ಬೇಕಿಲ್ಲ. ಮೊಬೈಲಿಗೆ ಬರುವ ಒ.ಟಿ.ಪಿ. ಅಂಕೆಯನ್ನು ಯಾರಿಗೂ ಹೇಳಬೇಡಿ.

ನಮ್ಮ ಅಕ್ಕ ಹೀಗೆ ಮಾಡಿದರೆ ಏನಾಗುತ್ತದೆ? ಕಾರಣ ಕೇಳುತ್ತಾಳೆ. ವಿಳಾಸ ಸರಿ ಇಲ್ಲ ಅಂತ ತಿಳಿಯುತ್ತದೆ. ಸರಿಮಾಡಿಸುತ್ತಾಳೆ. ಕೆಲವು ತಿಂಗಳು ತಾಳುತ್ತಾಳೆ, ಸಂಘದ ಕಂತನ್ನು ತಪ್ಪದೆ ಕಟ್ಟುತ್ತಾಳೆ. ಆಮೇಲೆ ಯೋಚನೆ ಮಾಡುತ್ತಾಳೆ: "ನನಗೆ ಬೇಕಾದದ್ದು ಕಾರ್ಡೋ, ಹೊಲಿಗೆ ಮಿಷನ್ನೋ?" ಮಿಷನ್ ಬೇಕಾದರೆ ಮಿಷನ್ ಸಾಲಕ್ಕೇ ಒಂದು ಅರ್ಜಿ ಹಾಕುತ್ತಾಳೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ದಾರಲ್ಲ.

ಅಕ್ಕಂದಿರೇ, ಬ್ಯಾಂಕಿನವರು ಒಂದು ಸಲ ಇಲ್ಲ ಅಂದರೆ ನಮ್ಮ ಮರ್ಯಾದೆ ಹೋಗುವುದಿಲ್ಲ. ಗಾಬರಿಯಿಂದ ಕಂಡ ಕಂಡಲ್ಲಿ ಸಹಿ ಹಾಕಬೇಡಿ. ಬಡ್ಡಿ ವ್ಯಾಪಾರಿಯ ಬಾಗಿಲಿಗೂ ಓಡಬೇಡಿ. ಮುಂದಿನ ಸಭೆಗೆ ಬರುವಾಗ ನಿಮ್ಮ ಸಾಲದ ಕಾಗದಗಳನ್ನು ತನ್ನಿ. ಎಲ್ಲರೂ ಕೂತು ಓದೋಣ. ಒಬ್ಬೊಬ್ಬರ ದಾಖಲೆಯನ್ನೂ ತರಿಸಿ ನೋಡೋಣ.